ಮಧ್ಯಾಹ್ನದ ವಾಲ್ಯೂಮ್

೨೦೪೧ನೇ ಇಸವಿ, ಮಾರ್ಚ್ ೧೨, ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಹುಬ್ಬಳ್ಳಿಯ ಒಂದು ಪ್ರಯೋಗಾಲಯದಲ್ಲಿ ದಾಕ್ಷಾಯಣಿ ತನ್ನ ಗಂಡನ ತಲೆಯೊಳಗಿನ ಯಂತ್ರಕ್ಕೆ ಆಪರೇಟಿಂಗ್ ಸಿಸ್ಟಮ್ ಅನ್ನು ಹೊಸದಾಗಿ ಹಾಕಿ ಮುಗಿಸಿದಳು. ಪರದೆಯ ಮೇಲೆ ನೆನಪಿನ ವಾಲ್ಯೂಮ್, ಅಂದರೆ ಡಿಸ್ಕಿನಲ್ಲಿ ನೆನಪು ತುಂಬಿಡುವ ಖಾನೆ, ಒಂದೇ ಒಂದು ಕಾಣಿಸಬೇಕಿತ್ತು. ಮೂರು ಕಾಣಿಸಿದವು.

ಕೇಬಲ್ ಸಡಿಲವಾಗಿರಬಹುದೆಂದು ತೆಗೆದು ಮತ್ತೆ ಸಿಕ್ಕಿಸಿದಳು. ಮೂರೇ. ಪರದೆ ಆರಿಸಿ ಹಚ್ಚಿದಳು. ಆಗಲೂ ಮೂರೇ. ‘ನೆನಪು’, ‘ನೆನಪು-೧’, ‘ನೆನಪು-೨’.

ಗಾಜಿನ ಆಚೆಯ ಕೋಣೆಯಲ್ಲಿ ಮಂಚದ ಮೇಲೆ ಕುಳಿತಿದ್ದ ಶಿವಯೋಗಿ ಕೂಗಿದ. “ದಾಕ್ಷಾಯಣಿ, ನಾ ಅಂಗಡಿ ಬಾಗ್ಲಾ ಹಾಕೇನೋ ಇಲ್ಲೋ?”

“ಹಾಕೀರಿ. ಕೀಲಿ ನನ್ನ ಕಡೆನ ಐತಿ.”

“ಹಾಂ, ಚಲೋ ಆತು.” ಅರ್ಧ ನಿಮಿಷ ಕಳೆದಿರಲಿಲ್ಲ. “ದಾಕ್ಷಾಯಣಿ, ಅಂಗಡಿ ಬಾಗ್ಲಾ ಹಾಕೇನೇನು?”

ಐದು ವರ್ಷಗಳ ಹಿಂದೆ ಮೆದುಳು ಜ್ವರ ಬಂದು ಅವನ ಹಿಪೊಕ್ಯಾಂಪಸ್ ಸುಟ್ಟುಹೋಗಿತ್ತು. ನಡೆದದ್ದನ್ನು ನೆನಪಾಗಿ ಕಟ್ಟುವ ಭಾಗ ಅದು. ಜ್ವರಕ್ಕೆ ಮುಂಚಿನ ಬದುಕೆಲ್ಲ ಅವನಿಗೆ ನೆನಪಿತ್ತು. ಜ್ವರದ ನಂತರ ಕೇಳಿದ ಮಾತು ಮಾತ್ರ ಅರ್ಧ ನಿಮಿಷವೂ ನಿಲ್ಲುತ್ತಿರಲಿಲ್ಲ. ಆಗ ಬಲಗಿವಿಯ ಹಿಂದೆ, ಎಲುಬಿನ ಕೆಳಗೆ, ಹುಣಸೆಬೀಜದಷ್ಟು ದೊಡ್ಡ ಯಂತ್ರವೊಂದನ್ನು ಕೂಡಿಸಿದರು. ಮೆದುಳು ಕಟ್ಟಲಾರದ ನೆನಪನ್ನು ಅದು ಕಟ್ಟಿ ತನ್ನಲ್ಲಿ ಇಟ್ಟುಕೊಳ್ಳುತ್ತಿತ್ತು, ಬೇಕಾದಾಗ ಮೆದುಳಿಗೆ ಎತ್ತಿ ಕೊಡುತ್ತಿತ್ತು. ಅದನ್ನು ನೋಡಿಕೊಳ್ಳುವ ಎಂಜಿನಿಯರುಗಳಲ್ಲಿ ದಾಕ್ಷಾಯಣಿಯೂ ಒಬ್ಬಳು. ಶಿವಯೋಗಿ ದುರ್ಗದಬೈಲಿನಲ್ಲಿದ್ದ ತನ್ನ ಕನ್ನಡಕದ ಅಂಗಡಿಯನ್ನು ಮತ್ತೆ ತೆರೆದ, ಲೆಕ್ಕಪತ್ರ ನೋಡಿಕೊಂಡ, ಹೊಸ ಗಿರಾಕಿಗಳ ಹೆಸರು ಕಲಿತ. ಎಲ್ಲ ಸರಿಯಾಗಿತ್ತು. ಸೋಮವಾರ ಸಂಜೆ ಮಾತ್ರ, ಪರೀಕ್ಷೆಯ ಗಾಜು ಮೂಗಿಗೇರಿಸಿಕೊಂಡು ಎದುರು ಕುಳಿತಿದ್ದ ಗಿರಾಕಿಯನ್ನು ನೋಡಿ, “ನೀವ್ಯಾರ್ರೀ? ಇದನ್ಯಾಕ ಹಾಕ್ಕೊಂಡೀರಿ?” ಎಂದು ಕೇಳಿದ. ಯಂತ್ರ ನಿಂತುಹೋಗಿತ್ತು.

ಪ್ರಯೋಗಾಲಯದ ಹಿರಿಯ ಮುನೀರ್ ಸವಣೂರ ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದು ಕೂತ. “ಏನವಾ ತಂಗಿ, ಒಬ್ಬ ಗಂಡಗ ಮೂರು ತಲಿ ಹಚ್ಚೀಯಲ್ಲ!”

“ನಗಬ್ಯಾಡ್ರಿ ಸಾಹೇಬ್ರ. ‘ನೆನಪು-೨’ ಯಾಕ ಬಂತು ಗೊತ್ತಾತು. ನಾನು ಸಿಸ್ಟಮ್ ವಾಲ್ಯೂಮ್ ಅಷ್ಟ ಅಳಿಸಿದ್ನಿ. ಹೊಸಾ ಸಿಸ್ಟಮ್‌ಗೆ ಹಳೇ ನೆನಪಿನ ಗುರುತು ಸಿಗಲಿಲ್ಲ, ತನಗಂತ ಇನ್ನೊಂದು ಮಾಡ್ಕೊಂತು. ಖಾಲಿ ಐತಿ.”

“ಖಾಲಿ ಇದ್ದದ್ದನ್ನ ತಗದ ಒಗಿ.”

ತೆಗೆದಳು. ಉಳಿದ ಎರಡರಲ್ಲಿ ‘ನೆನಪು-೧’ ಸೋಮವಾರ ಸಂಜೆಯವರೆಗೂ ಬರೆಸಿಕೊಂಡಿತ್ತು. ಅದೇ ಶಿವಯೋಗಿಯದು, ಅನುಮಾನವಿಲ್ಲ. ಹೊಸ ಸಿಸ್ಟಮ್ಮಿಗೆ ಅದನ್ನು ಜೋಡಿಸಿದೊಡನೆ ಆಚೆಯ ಕೋಣೆಯಲ್ಲಿ ಅಂಗಡಿ ಬಾಗಿಲಿನ ಪ್ರಶ್ನೆ ನಿಂತಿತು.

ಹಾಗಾದರೆ ಬರೀ ‘ನೆನಪು’ ಯಾವುದು?

ಅದು ಅವರದೇ ಕೈಕೆಲಸ. ೨೦೩೮ರ ಮೇ ತಿಂಗಳಲ್ಲಿ ಯಂತ್ರವನ್ನು ಮೇಲ್ದರ್ಜೆಗೆ ಏರಿಸಿದಾಗ, ಹಳೆಯ ನೆನಪನ್ನೆಲ್ಲ ಹೊಸ ವಾಲ್ಯೂಮಿಗೆ ನಕಲು ಮಾಡಿ, ಹಳೆಯದನ್ನು ಅಳಿಸದೆ ಬಿಟ್ಟಿದ್ದರು. ಆ ಪ್ರಯೋಗಾಲಯದ ರೂಢಿಯೇ ಹಾಗೆ. ಮಿಕ್ಸರ್ ತಂದ ಮೇಲೂ ಒರಳುಕಲ್ಲನ್ನು ಹಿತ್ತಲಲ್ಲಿ ಇಟ್ಟುಕೊಳ್ಳುವ ಮನೆಗಳಿಂದ ಬಂದವರು ಎಲ್ಲರೂ. ಮನುಷ್ಯನ ನೆನಪನ್ನು ಅಳಿಸಲು ಯಾರ ಕೈಯೂ ಬರುತ್ತಿರಲಿಲ್ಲ. “ಇರ್ಲಿ ಬಿಡ್ರಿ, ಯಾವದಕ್ಕರ ಬರ್ತೈತಿ” ಎಂದು ಅಂದು ಹೇಳಿದ್ದವನು ಮುನೀರ್. ಹೌದೆಂದು ತಲೆಯಾಡಿಸಿದ್ದವಳು ದಾಕ್ಷಾಯಣಿ. ಬಿಟ್ಟ ವಾಲ್ಯೂಮ್ ಮೂರು ವರ್ಷಗಳಿಂದ ಯಾರೂ ತೆರೆಯದ ಪೆಟ್ಟಿಗೆಯಂತೆ ಬಿದ್ದಿರಬೇಕಿತ್ತು.

ಕೊನೆಯ ಬರಹದ ಸಮಯ ನೋಡಿದಳು. ಸೋಮವಾರ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ.

“ಸಾಹೇಬ್ರ, ಇದನ್ನ ನೋಡ್ರಿ. ನಿನ್ನೆ ಬರದೈತಿ.”

ಮುನೀರ್ ಕನ್ನಡಕ ಮೇಲೆತ್ತಿ ಪರದೆಗೆ ಮೂಗು ತಾಗಿಸಿದ. ಅವನ ತಮಾಷೆ ಎಲ್ಲಿಗೋ ಹೋಯಿತು.

ನಿನ್ನೆ ಮಾತ್ರವಲ್ಲ. ಮೊನ್ನೆಯೂ, ಅದರ ಹಿಂದಿನ ದಿನವೂ, ಮೂರು ವರ್ಷಗಳ ಪ್ರತಿ ಮಧ್ಯಾಹ್ನವೂ ಒಂದೂವರೆಯಿಂದ ಎರಡೂ ಹತ್ತರವರೆಗೆ ಅದು ಬರೆಸಿಕೊಂಡಿತ್ತು. ಯಂತ್ರ ಚಾರ್ಜ್ ಆಗುವ ಹೊತ್ತು ಅದು. ಊಟ ಮಾಡಿ, ತಂತಿಸುರುಳಿ ಹೊಲಿದ ದಿಂಬಿನ ಮೇಲೆ ಶಿವಯೋಗಿ ಮಲಗುತ್ತಿದ್ದ; ದಿಂಬು ಮೈಗೆ ಹತ್ತಿರವಿದ್ದಷ್ಟು ಹೊತ್ತೂ ಚಾರ್ಜ್ ನಡೆಯುತ್ತಿತ್ತು. ಆಗ ಮುಖ್ಯ ಸಿಸ್ಟಮ್ ವಿಶ್ರಾಂತಿಗೆ ಹೋಗಿ, ಕಾವಲಿಗೆಂದು ಸಿಸ್ಟಮ್ಮಿನ ಹೊರಗಿರುವ ಒಂದು ಸಣ್ಣ ಪ್ರೋಗ್ರಾಂ ಏಳುತ್ತಿತ್ತು. ನೆನಪು ಈಗ ಬೇರೆ ಕಡೆ ಇದೆ ಎಂದು ಆ ಕಾವಲಿನವನಿಗೆ ಯಾರೂ ತಿಳಿಸಿರಲಿಲ್ಲ. ಅವನು ಹಳೆಯ ವಿಳಾಸಕ್ಕೇ ಹೋಗಿ ಹಳೆಯ ವಾಲ್ಯೂಮನ್ನು ಎಬ್ಬಿಸುತ್ತಿದ್ದ.

“ಮಲಗಿದ ಮನಷ್ಯಾಗ ಏನ್ ನೆನಪು ಬರೀತೈತಿ?” ಎಂದ ಮುನೀರ್. “ಇಲ್ನೋಡು, ಬ್ಯಾರೆ ಹೊತ್ತಿನಕಿಂತ ಏಳು ಪಟ್ಟು ದಟ್ಟ ಬರದೈತಿ. ಹಬ್ಬದಾಗ, ಜಗಳದಾಗ ಬರದಂಗ. ನಿನ್ನ ಗಂಡ ಮಧ್ಯಾಹ್ನ ಮಲಗೂದಿಲ್ಲವಾ ತಂಗಿ. ಎಚ್ಚರ ಇರ್ತಾನ.”

ಏನು ಬರೆದಿದೆ ಎಂದು ಓದುವ ದಾರಿ ಇರಲಿಲ್ಲ. ಆ ಅಂಕಿಗಳನ್ನು ಬಿಡಿಸಬಲ್ಲವು ಅದೇ ಮೆದುಳಿನ ನರಕೋಶಗಳು ಮಾತ್ರ. ಹೊರಗಿನವರಿಗೆ ಕಾಣುವುದು ಎರಡೇ: ಯಾವಾಗ ಬರೆಯಿತು, ಎಷ್ಟು ಬರೆಯಿತು. ಹೊರಗೆ ನಕಲು ತೆಗೆದರೂ ಅದು ಯಾರಿಗೂ ನೆನಪಲ್ಲ, ಮರಳಿನ ರಾಶಿ. ಎರಡನ್ನೂ ಒಂದರಲ್ಲೇ ಕೂಡಿಸಹೋದರೆ ಎರಡರ ಸೂಚಿಯೂ ಕೆಡುತ್ತಿತ್ತು. ಯಂತ್ರ ನಿಂತದ್ದೇಕೆ ಎಂಬುದೂ ಈಗ ತಿಳಿಯಿತು. ಎರಡು ವಾಲ್ಯೂಮುಗಳೂ ಒಂದೇ ಡಿಸ್ಕಿನ ಜಾಗ ತಿನ್ನುತ್ತಿದ್ದವು, ಜಾಗ ಮುಗಿದಿತ್ತು. ಖಾಲಿಯದನ್ನು ತೆಗೆದು, ಅದೂ ಇದೂ ಒರೆಸಿ, ನಾಲ್ಕು ದಿನಕ್ಕಾಗುವಷ್ಟು ಜಾಗ ಸಿಕ್ಕಿತ್ತು.

“ಇನ್ನೊಮ್ಮೆ ತುಂಬಿ ನಿಂತರ ಮತ್ತ ಏಳ್ತೈತಿ ಅಂತ ನನಗ ನಂಬಿಗಿ ಇಲ್ಲ,” ಎಂದ ಮುನೀರ್. “ಶುಕ್ರವಾರದೊಳಗ ಅಳಸು.”

“ಅದು ಬರೇ ಹಳೇದಾಗಿದ್ರ ಈಗ ಅಳಸ್ತಿದ್ನಿ.”

ಮುನೀರ್ ಕುರ್ಚಿಯನ್ನು ತನ್ನ ಮೇಜಿನ ಕಡೆ ಎಳೆದುಕೊಂಡು ಹೋದ.

ಸಂಜೆ ಮನೆಯಲ್ಲಿ ಅತ್ತೆ ಈರವ್ವ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ಮೆಂತ್ಯೆಸೊಪ್ಪು ಬಿಡಿಸುತ್ತಿದ್ದಳು. ದಾಕ್ಷಾಯಣಿ ಎದುರಿಗೆ ಕುಳಿತು ತಾನೂ ಒಂದು ಕಟ್ಟು ಬಿಚ್ಚಿದಳು. ಕೈ ಸುಮ್ಮನಿರಲಿಲ್ಲ, ಎಲೆಯ ಜೊತೆ ದಂಟನ್ನೂ ಮುರಿದು ಬುಟ್ಟಿಗೆ ಹಾಕುತ್ತಿದ್ದಳು.

“ಅತ್ತಿ, ಇವರು ಮಧ್ಯಾಹ್ನ ಮಲಗ್ತಾರೇನ್ರಿ?”

“ಮಲಗ್ತಾನ.”

“ಎಚ್ಚರಾಗೂದಿಲ್ಲ?”

ಈರವ್ವ ಬುಟ್ಟಿಯೊಳಗಿನ ದಂಟುಗಳನ್ನು ಒಂದೊಂದಾಗಿ ಆರಿಸಿ ತೆಗೆಯತೊಡಗಿದಳು. “ನಿನಗ ಪಲ್ಯ ಬಿಡಸಾಕ ಬರೂದಿಲ್ಲ, ಬಿಡು.”

“ಅತ್ತಿ.”

“ಆಗ್ತೈತಿ. ಹತ್ತು ನಿಮಿಷಕ್ಕ ಎದ್ದ ಕೂಡ್ತಾನ. ಚಾ ಕೊಡ್ತೀನಿ. ಮಾತಾಡ್ತೀವಿ. ಆಮ್ಯಾಲೆ ಒಮ್ಮೆಲೆ ಮಾರಿ ಗಂಟ ಹಾಕ್ಕೊಂಡು ಅಂಗಡಿಗೆ ಹೊಂಟ್ ನಿಲ್ತಾನ. ಚಾ ಕುಡದದ್ದೂ ಗೊತ್ತಿರೂದಿಲ್ಲ ಅಂವಗ.”

“ಏನ್ ಮಾತಾಡ್ತೀರಿ?”

ಈರವ್ವನ ಕೈ ನಿಂತಿತು. “ಬಸು ಬಂದನೇನವ್ವಾ ಅಂತ ಕೇಳ್ತಾನ. ಸಂಜೀಕ ಬರ್ತಾನಪಾ ಅಂತೀನಿ.”

ಬಸವಂತ ಶಿವಯೋಗಿಯ ತಮ್ಮ. ೨೦೩೮ರ ನವೆಂಬರಿನಲ್ಲಿ ಕಾರವಾರ ರಸ್ತೆಯಲ್ಲಿ ಬೈಕು ಉರುಳಿ ತೀರಿಕೊಂಡಿದ್ದ. ದಾಕ್ಷಾಯಣಿಗೆ ಲೆಕ್ಕ ಹಾಕಲು ಹೊತ್ತು ಹಿಡಿಯಲಿಲ್ಲ. ಹಳೆಯ ವಾಲ್ಯೂಮ್ ಬೇರೆಯಾದದ್ದು ಮೇ ತಿಂಗಳಲ್ಲಿ. ಅದರೊಳಗೆ ಆ ನವೆಂಬರ್ ಬಂದೇ ಇರಲಿಲ್ಲ.

“ಗ್ವಾಡಿ ಮ್ಯಾಲಿನ ಫೋಟೋ?”

“ಅಂವ ಮಲಗೂದ್ರಾಗ ತಗದು ಕೌದಿ ಕೆಳಗ ಇಡ್ತೀನಿ. ಅಂವ ಹ್ವಾದ ಮ್ಯಾಲೆ ಹಾಕ್ತೀನಿ.” ಈರವ್ವ ತಲೆ ಎತ್ತಿದಳು. “ನೋಡಬ್ಯಾಡ ಹಂಗ. ಈ ಮನ್ಯಾಗ ಬಸೂನ ಹೆಸರು ಯಾರ್ ಎತ್ತತೀರಿ? ನಾ ಎತ್ತಿದ್ರ ನಿನ್ನ ಗಂಡ ಚಪ್ಪಲಿ ಹಾಕ್ಕೊಂಡು ಹೊರಗ ಹೋಗ್ತಾನ. ಮಧ್ಯಾಹ್ನದಾಗಷ್ಟ ನನಗ ಇಬ್ಬರೂ ಮಕ್ಕಳು.”

ಡಿಸ್ಕಿನ ವಿಷಯವನ್ನು ದಾಕ್ಷಾಯಣಿ ಆದಷ್ಟು ಸರಳವಾಗಿ ಹೇಳಿದಳು. ಒಂದೇ ಕಣಜ, ಇಬ್ಬರು ತುಂಬುತ್ತಿದ್ದಾರೆ, ಶುಕ್ರವಾರ ದಾಟಿದರೆ ಕಣಜ ಒಡೆಯುತ್ತದೆ. ಈರವ್ವ ಕೊನೆಯವರೆಗೂ ಕೇಳಿದಳು.

“ಯಂತ್ರ ರಿಪೇರಿ ಮಾಡು ಅಂದ್ರ ಮಗನ್ನ ತಗೀತೀನಿ ಅಂತಿ.”

“ನಿಮ್ಮ ಮಗ ಉಳೀಲಿ ಅಂತನ ಅತ್ತಿ.”

“ಯಾವ ಮಗ?”

ದಾಕ್ಷಾಯಣಿ ಕೈಯಲ್ಲಿದ್ದ ಕಟ್ಟನ್ನು ಬುಟ್ಟಿಗೆ ಹಾಕಿ ಎದ್ದಳು. ಶಿವಯೋಗಿ ಬಂದು ಕೈಕಾಲು ತೊಳೆದ ಮೇಲೆ ಅವನಿಗೂ ಹೇಳಿದಳು. ತಲೆ ಅವನದು, ಕೇಳದೆ ಮಾಡುವಂತಿರಲಿಲ್ಲ. ಅವನು ಟವೆಲ್ಲಿನಿಂದ ಮುಖ ಒರೆಸುತ್ತಲೇ ನಕ್ಕ.

“ನನ್ನ ತಲ್ಯಾಗ ಬಾಡಿಗಿದಾರ? ಮುಂಗಡಾನೂ ಕೊಟ್ಟಿಲ್ಲ ಮಗ. ಖಾಲಿ ಮಾಡ್ಸು.”

“ಅವರೂ ನೀವ ಅದೀರಿ.”

“ನಾ ಇಲ್ಲಿ ನಿಂತೀನಲ್ಲ.” ನಗು ಅರ್ಧಕ್ಕೆ ನಿಂತಿತು. “ಅವ್ವನ ಕೂಡ ಏನ್ ಮಾತಾಡ್ತಾನ ಅಂವ?”

“ಬಸವಂತನ ಬಗ್ಗೆ.”

ಶಿವಯೋಗಿ ಟವೆಲ್ಲನ್ನು ಹಗ್ಗದ ಮೇಲೆ ಹಾಕಿದ, ಸುಕ್ಕು ಎಳೆದ, ಮತ್ತೆ ತೆಗೆದು ಮತ್ತೆ ಹಾಕಿದ. “ಅಳಸು,” ಎಂದು ಚಪ್ಪಲಿ ಮೆಟ್ಟಿ ಹೊರಗೆ ನಡೆದ.

ಬುಧವಾರ ದಾಕ್ಷಾಯಣಿ ರಜೆ ಹಾಕಿದಳು. ಹಿಂದಿನ ದಿನ ಪ್ರಯೋಗಾಲಯದಲ್ಲಿ ಮುಖ್ಯ ಸಿಸ್ಟಮ್ ನಡೆದಿರುವಾಗಲೇ ಚಾರ್ಜ್ ಆಗಿದ್ದರಿಂದ ಮಧ್ಯಾಹ್ನದವನು ಎದ್ದಿರಲಿಲ್ಲ. ಇವತ್ತು ಏಳುತ್ತಾನೆ. ಅಂಗೈಯಗಲದ ಪರದೆಯನ್ನು ಮಡಿಲಲ್ಲಿಟ್ಟುಕೊಂಡು ಮಂಚದ ಪಕ್ಕದ ಕುರ್ಚಿಯಲ್ಲಿ ಕುಳಿತಳು. ಇಷ್ಟು ವರ್ಷ ಭಾನುವಾರಗಳಂದು, ಮಲಗಿದವನಿಗೆ ತೊಂದರೆಯಾಗಬಾರದೆಂದು ತಾನೇ ಈ ಕೋಣೆಯ ಬಾಗಿಲು ಎಳೆದುಕೊಂಡು ಹೋಗುತ್ತಿದ್ದದ್ದು ನೆನಪಾಯಿತು. ಹಾಗೆ ಮಾಡಬೇಕೆಂದು ರೋಗಿಗಳ ಮನೆಯವರಿಗೆ ಹೇಳಿಕೊಡುತ್ತಿದ್ದವಳೂ ಅವಳೇ.

ಒಂದೂವರೆಗೆ ಪರದೆಯ ಮೇಲೆ ‘ನೆನಪು-೧’ ಬೂದುಬಣ್ಣಕ್ಕೆ ತಿರುಗಿತು. ‘ನೆನಪು’ ಹಸಿರಾಯಿತು. ಹತ್ತು ನಿಮಿಷಕ್ಕೆ ಶಿವಯೋಗಿ ಕಣ್ಣು ಬಿಟ್ಟು, ಅವಳನ್ನು ನೋಡಿ, ಎದ್ದು ಕುಳಿತ.

“ದಾಕ್ಷೂ!”

ಆ ಹೆಸರಿನಿಂದ ಅವನು ಕರೆದು ಎಷ್ಟು ಕಾಲವಾಗಿತ್ತೋ.

“ನೀ ಮನ್ಯಾಗ? ಭಾಳ ದಿನಾ ಆತಲ್ಲ ನಿನ್ನ ನೋಡಿ. ದಪ್ಪ ಆಗೀದಿ. ತಲಿನೂ ಬೆಳ್ಳಗಾಗೈತಿ.” ಆಮೇಲೆ ಅವಳ ಮಡಿಲ ಪರದೆಯನ್ನು ನೋಡಿದ. “ಏನಾಗೈತಿ?”

ಈರವ್ವ ಚಹಾ ಇಡಲು ಒಳಗೆ ಹೋಗಿದ್ದಳು. ದಾಕ್ಷಾಯಣಿ ಬೇರೆಯೇ ಮಾತು ತಯಾರಿ ಮಾಡಿಕೊಂಡು ಬಂದಿದ್ದಳು. ೨೦೩೮ರ ಮೇ ತಿಂಗಳ ಗಂಡನೊಬ್ಬ ಎದ್ದು ಕೂರುತ್ತಾನೆ, ಅವನಿಗೆ ಸಾವಿನ ಸುದ್ದಿ ಹೇಳಬೇಕಾಗುತ್ತದೆ ಎಂದು ಎಣಿಸಿದ್ದಳು. ಅವಳ ತಲೆಗೂದಲು ಬೆಳ್ಳಗಾದದ್ದನ್ನು ಗುರುತು ಹಿಡಿಯುವವನು ಮೇ ತಿಂಗಳಲ್ಲಿ ನಿಂತವನಲ್ಲ. ನಲವತ್ತು ನಲವತ್ತು ನಿಮಿಷವಾಗಿ ಅವನೂ ಇಷ್ಟು ವರ್ಷ ಬದುಕಿದ್ದ.

“ನಿಮಗ ಗೊತ್ತೈತೇನ್ರಿ?” ಎಂದಳು. “ಬಸು…”

“ಮೆಲ್ಲಕ ಮಾತಾಡು.” ಅವನು ಅಡುಗೆಮನೆಯ ಕಡೆ ನೋಡಿದ. “ಗ್ವಾಡಿ ಮ್ಯಾಲೆ ಮೊಳಿ ಐತಿ, ಫೋಟೋ ಇಲ್ಲ. ಒಂದಿನ ಅವ್ವಗ ಇಲ್ಲೇ ನಿದ್ದಿ ಹತ್ತಿತ್ತು. ಕೌದಿ ಎತ್ತಿ ನೋಡಿದ್ನಿ. ಮಾಲಿ ಹಾಕಿದ್ರಿ.”

“ಯಾವಾಗ?”

“ಆಗೇತಿ ಒಂದ್ ವರ್ಷದ ಮ್ಯಾಲೆ.”

“ಮತ್ತ ದಿನಾ ಯಾಕ ಕೇಳ್ತೀರಿ?”

“ಮರುದಿನ ಕೇಳಲಿಲ್ಲ. ಆಕಿ ಚಾದ ವಾಟಗಾ ಹಿಡಕೊಂಡು ನನ್ನ ಬಾಯಿ ನೋಡ್ಕೋತ ಕುಂತ್ಲು. ಎದ್ದ ಹೋಗೂದ್ರಾಗ ಎರಡು ಸಲ ‘ಏನರ ಕೇಳಾಂವ ಇದ್ದೇನಪಾ?’ ಅಂದ್ಲು.” ಅವನು ದಿಂಬನ್ನು ತೊಡೆಯ ಮೇಲೆ ಎಳೆದುಕೊಂಡ. “ಅದರ ಮರುದಿನ ಮತ್ತ ಕೇಳಿದ್ನಿ.”

ದಾಕ್ಷಾಯಣಿ ಡಿಸ್ಕಿನ ಮಾತನ್ನು ಹೇಳಿ ಮುಗಿಸಿದಳು. ಅವನು ಕೇಳುತ್ತ ಕೇಳುತ್ತ ದಿಂಬು ಹಿಡಿದುಕೊಂಡೇ ಎದ್ದು ಕಿಟಕಿಯವರೆಗೂ ಹೋದ. ದಿಂಬಿನ ತಂತಿ ಬಿಗಿಯಾದದ್ದರಿಂದ ಹಿಂದಕ್ಕೆ ಬಂದ.

“ಅಂವನ್ನ ಅಳಸು.”

“ರೀ…”

“ಯಾಕ? ಅಂವಗ ದಿನಾ ಇಪ್ಪತ್ಮೂರು ತಾಸು ಸಿಕ್ಕಾವು. ನನಗ ನಲವತ್ತು ನಿಮಿಷ. ಮೂರು ವರ್ಷ ಆತು ನಾ ಈ ಖೋಲಿ ಬಿಟ್ಟ ಹೊರಗ ಕಾಲಿಟ್ಟಿಲ್ಲ. ಈಗ ಪಾಳಿ ಯಾರ್ದು, ನೀನ ಹೇಳು.”

ಅವನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಎರಡು ವಾಲ್ಯೂಮುಗಳಲ್ಲಿ ಯಾವುದನ್ನು ಉಳಿಸಿದರೂ ಯಂತ್ರ ನಡೆಯುತ್ತಿತ್ತು. ಇದೇ ಮೂಲ, ಇದೇ ನಕಲು ಎಂದು ಡಿಸ್ಕಿನಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಹುಟ್ಟಿದ ಕ್ರಮ ಹಿಡಿದರೆ ಇವನೇ ಹಿರಿಯ. ದಾಕ್ಷಾಯಣಿ ಮೊದಲ ಬಾರಿಗೆ ತನ್ನ ಬೆರಳು ಯಾವ ಹೆಸರಿನ ಮೇಲಿದೆ ಎಂದು ಕೆಳಗೆ ನೋಡಿಕೊಂಡಳು.

“ಅಂಗಡಿ ನಡಸ್ತಾನ?” ಎಂದು ಅವನು ಕೇಳಿದ.

“ಚಲೋ ನಡಸ್ತಾರ. ಮಗ್ಗಲಿನ ಖೋಲಿನೂ ತಗೊಂಡಾರ.”

“ನಿನ್ನ ಕೂಡ ಬರೋಬರಿ ಅದಾನ?”

“ಅದಾರ.”

“ಅವ್ವನ ಕೂಡ?”

ಅವಳು ಅಡುಗೆಮನೆಯ ಕಡೆ ನೋಡಿದಳು.

“ಬಸೂನ ಮಣ್ಣಿಗೆ ಹೋಗಿದ್ದನ?”

“ಹೂಂ. ಹೆಗಲ ಕೊಟ್ಟಾರ. ಅವತ್ತಿಂದ ಹೆಸರ ಎತ್ತಿಲ್ಲ.”

ಅವನು ಗಡಿಯಾರ ನೋಡಿದ. ಅವನಿಗಿದ್ದ ಹೊತ್ತೇ ಕಡಿಮೆ. “ನಾ ಆ ದಿನಾ ನೋಡಿಲ್ಲ. ನನಗ ಹೆಸರ ಎತ್ತೂದು ಸಸಾರ ಐತಿ. ಅಂವಗ ಹಂಗಲ್ಲ.” ಅವಳ ಮಡಿಲ ಪರದೆಯತ್ತ ಕೈ ತೋರಿಸಿ, “ನನ್ನ ಅಳಸು. ಹೊರಗಿನ ಮೂರು ವರ್ಷ ನನಗ ಗೊತ್ತಿಲ್ಲ. ಗಿರಾಕಿ ಮುಂದ ನಿಂತು ಪೆದ್ದ ಆಗೂದು ಬ್ಯಾಡ. ಆದ್ರ ನಾ ಇದ್ದಾಗ ಬ್ಯಾಡ. ಅಂವ ಬಂದ ಮ್ಯಾಲೆ ಅಳಸು.”

ಈರವ್ವ ಎರಡು ಲೋಟ ಚಹಾ ತಂದಳು. ಸೊಸೆಯ ಮುಖ ನೋಡಲಿಲ್ಲ. ಮಂಚದ ತುದಿಯಲ್ಲಿ ಕುಳಿತು, ಸೆರಗಿನಿಂದ ಹಿಡಿದಿದ್ದ ಬಿಸಿ ಲೋಟವನ್ನು ಮಗನ ಕೈಗೆ ಕೊಟ್ಟು ಕಾದಳು.

“ಅವ್ವಾ,” ಎಂದ ಅವನು. “ಬಸು ಬರೂದಿಲ್ಲ. ನನಗ ಗೊತ್ತೈತಿ.”

ಈರವ್ವನ ಮುಖ ಮೊದಲು ಸೊಸೆಯ ಕಡೆ ತಿರುಗಿತು. ದಾಕ್ಷಾಯಣಿ ತಲೆ ಅಲ್ಲಾಡಿಸಿದಳು.

“ಆಕಿ ಹೇಳಿಲ್ಲ. ನನಗ ಭಾಳ ದಿನದಿಂದ ಗೊತ್ತೈತಿ.”

“ಗೊತ್ತಿದ್ದೂ ದಿನಾ ಕೇಳ್ತಿದ್ದೆ?”

“ನೀನೂ ದಿನಾ ಹೇಳ್ತಿದ್ದೆಲ್ಲ.”

“ಕಳ್ಳ,” ಎಂದು ಈರವ್ವ ಅವನ ಭುಜಕ್ಕೆ ಒಂದು ಬಿಟ್ಟಳು. ಏಟು ಜೋರಾಗಿಯೇ ಬಿತ್ತು. ಚಹಾ ತುಳುಕಿ ಹಾಸಿಗೆಗೆ ಚೆಲ್ಲಿತು. ಆಮೇಲೆ ಅದೇ ಭುಜ ಹಿಡಿದುಕೊಂಡಳು. ಗಡಿಯಾರ ಎರಡು ಗಂಟೆ ತೋರಿಸುತ್ತಿತ್ತು.

“ಬಸು ಸಣ್ಣಾಂವಿದ್ದಾಗ ನನ್ನ ಅಂಗಡಿ ಕನ್ನಡಕ ಕದ್ದು ಹಾಕ್ಕೊಂಡು ಸಾಲಿಗೆ ಹೋಗಿದ್ದ ಅಂತಿದ್ದೆಲ್ಲ, ಅದನ್ನ ಹೇಳು,” ಎಂದ ಅವನು.

“ನಿನ್ನದೆಲ್ಲಿ ಅಂಗಡಿ ಆಗ? ನಿಮ್ಮಪ್ಪಂದು.” ಈರವ್ವ ಮೂಗು ಒರೆಸಿಕೊಂಡಳು. “ಮಾಸ್ತರು ಕೇಳಿದ್ರಂತ, ಯಾಕೋ ಕಣ್ಣಿಗೇನಾಗೈತಿ? ಇಂವ ಅಂದ್ನಂತ, ನನಗಲ್ಲರಿ ಸರ್, ನೀವು ಬೋರ್ಡಿನ ಮ್ಯಾಲೆ ಬರದ ತಪ್ಪು ನಿಮಗ ಕಾಣೂದಿಲ್ಲ, ಅದಕ್ಕ ಅಂತ…”

ಅವನು ನಗುತ್ತಿದ್ದ. ದಾಕ್ಷಾಯಣಿ ಪರದೆಯತ್ತ ನೋಡಲಾರದೆ ನೋಡಿದಳು. ಎರಡೂ ಹತ್ತು. ಹಸಿರು ಬೂದಾಯಿತು, ಬೂದು ಹಸಿರಾಯಿತು. ಮಂಚದ ಮೇಲಿದ್ದವನ ನಗು ಅಲ್ಲಿಗೇ ನಿಂತಿತು. ಹುಬ್ಬು ಗಂಟಿಕ್ಕಿದ. ಕೈಯಲ್ಲಿದ್ದ ಲೋಟ, ಒದ್ದೆ ಹಾಸಿಗೆ, ತನ್ನ ಭುಜದ ಮೇಲಿದ್ದ ತಾಯಿಯ ಕೈ, ಒಂದೊಂದನ್ನೇ ನೋಡಿದ.

“ಏನ್ ನಡದೈತಿ?”

ಈರವ್ವನಿಗೆ ಯಾರು ಬಂದರೆಂದು ಗೊತ್ತಾಯಿತು. ಸಾವಿರ ಸಲ ನೋಡಿದ್ದಳು. ಅವಳ ಕೈ ಭುಜದಿಂದ ಜಾರಿತು. ಆದರೆ ಹಿಂದೆ ಸರಿಯಲಿಲ್ಲ, ಅವನ ಮುಂಗೈ ಹಿಡಿಯಿತು.

“ಬಸೂಂದು ಹೇಳಾಕ ಹತ್ತೀನಿ,” ಎಂದಳು.

ಶಿವಯೋಗಿ ಏಳಲು ಕಾಲು ಕೆಳಗೆ ಬಿಟ್ಟ. ಚಪ್ಪಲಿ ಬಾಗಿಲ ಬಳಿ ಇತ್ತು. ಈರವ್ವ ಕೈ ಬಿಡಲಿಲ್ಲ. ಅವನು ಎಳೆದುಕೊಳ್ಳಲೂ ಇಲ್ಲ.

“ಮಾಸ್ತರು ಬಡದ್ರಂತ,” ಎಂದು ಅವಳು ಮುಂದುವರಿಸಿದಳು, ಕತೆಯ ಮೊದಲರ್ಧ ಇವನಿಗೆ ಗೊತ್ತಿಲ್ಲವೆಂಬುದನ್ನೂ ಲೆಕ್ಕಿಸದೆ. “ಮಾರಿ ಬಾತಿತ್ತು, ಆದ್ರೂ ಕನ್ನಡಕ ತಗೀವಲ್ಲ ಮಗ. ರಾತ್ರಿ ಹಾಕ್ಕೊಂಡ ಮಲಗಿದ್ದ.”

ಶಿವಯೋಗಿ ಕೆಳಗೆ ಬಿಟ್ಟ ಕಾಲನ್ನು ಮತ್ತೆ ಮಂಚದ ಮೇಲೆ ಎಳೆದುಕೊಂಡ. “ಎಡಗಡೆ ಗಾಜು ಒಡದಿತ್ತು. ನಾ ಟೇಪ್ ಹಚ್ಚಿ ಕೊಟ್ಟಿದ್ದೆ.”

“ಹಚ್ಚಿದ್ದೆಪಾ.”

ಅವನು ಅತ್ತ. ಮೂರು ವರ್ಷಗಳಲ್ಲಿ ದಾಕ್ಷಾಯಣಿ ಅದನ್ನು ಕಂಡಿರಲಿಲ್ಲ. ಅವಳು ಕುರ್ಚಿಯಿಂದೆದ್ದು ಪಡಸಾಲೆಗೆ ಬಂದು ಗೋಡೆಗೆ ಒರಗಿ ನಿಂತಳು. ‘ನೆನಪು’ ಎಂಬ ಹೆಸರನ್ನು ಒತ್ತಿದಳು. ಅಳಿಸಬೇಕೆ ಎಂದು ಪರದೆ ಕೇಳಿತು. ಖಚಿತವೇ ಎಂದು ಮತ್ತೊಮ್ಮೆ ಕೇಳಿತು. ಎರಡನೆಯ ಸಲ ಬೆರಳು ಪಕ್ಕಕ್ಕೆ ತಾಗಿತು, ಮೊದಲಿನಿಂದ ಮಾಡಬೇಕಾಯಿತು. ಅಳಿಸುವುದು ಕಣ್ಣು ರೆಪ್ಪೆ ಬಡಿಯುವಷ್ಟರಲ್ಲಿ ಮುಗಿಯಿತು. ಕಾವಲಿನ ಪ್ರೋಗ್ರಾಮಿಗೆ ಹೊಸ ವಿಳಾಸ ಬರೆದಳು.

ಅಂದು ಮಧ್ಯಾಹ್ನದ ಮೇಲೆ ದುರ್ಗದಬೈಲಿನ ಅಂಗಡಿ ತೆರೆಯಲಿಲ್ಲ. ಒಳಗಿನ ಮಾತು ಒಮ್ಮೆ ಏರಿ ಜಗಳದಂತೆ ಕೇಳುತ್ತಿತ್ತು, ಒಮ್ಮೆ ಏನೂ ಕೇಳುತ್ತಿರಲಿಲ್ಲ. ಮೂರೂಕಾಲಿಗೆ ಮುನೀರ್ ಫೋನ್ ಮಾಡಿ ಡಿಸ್ಕ್ ಸರಿಹೋಯಿತೇ ಎಂದು ಕೇಳಿದ. ಒಂದೇ ವಾಲ್ಯೂಮ್ ಉಳಿದಿದೆ ಎಂದಳು. ಬರಹ ಸರಿಯಾಗಿ ನಡೆದಿದೆಯೇ ನೋಡು ಎಂದ. ದಾಕ್ಷಾಯಣಿ ದಾಖಲೆ ತೆರೆದು ಓದಿ ಹೇಳಿದಳು. ಶಿವಯೋಗಿ ಎಚ್ಚರವಿರುವಾಗ ಸಾಮಾನ್ಯವಾಗಿ ಗಂಟೆಗೆ ನಲವತ್ತು ಮೆಗಾಬೈಟ್ ಬರೆಯುತ್ತದೆ. ಎರಡೂ ಹತ್ತರಿಂದ ಮೂರೂ ಹತ್ತರವರೆಗಿನ ಆ ಒಂದು ಗಂಟೆಯಲ್ಲಿ ‘ನೆನಪು-೧’ಕ್ಕೆ ಸೇರಿದ್ದು ೩೧೨ ಮೆಗಾಬೈಟ್.